ಸರ್ವರ್‌ನ ಪೈಥಾನ್ ನಮ್ಮದಲ್ಲ

2023ರ ಜೂನ್‌ನಲ್ಲಿ ಡೆಬಿಯನ್ 12 ಬಿಡುಗಡೆಯಾದಾಗಿನಿಂದ ಲಿನಕ್ಸ್ ಕಲಿಯುವ ಹುಡುಗ ಹುಡುಗಿಯರಿಗೆಲ್ಲ ಒಂದು ಅಡ್ಡಿ ಎದುರಾಗುತ್ತಿದೆ. ಪೈಥಾನ್ ಮಾಡ್ಯೂಲೊಂದು ಬೇಕೆಂದು 'ಪಿಪ್ ಇನ್‌ಸ್ಟಾಲ್' ಎಂದು ಬರೆದು ಎಂಟರ್ ಒತ್ತಿದರೆ, 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ಎರರ್ ಬಂದು ಕೆಲಸ ಅಲ್ಲೇ ನಿಲ್ಲುತ್ತದೆ. ಈ ಯಂತ್ರದ ಪೈಥಾನನ್ನು ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತಿದೆ, ಪಿಪ್ ಅದರೊಳಗೆ ಕೈಹಾಕಕೂಡದು ಎನ್ನುತ್ತದೆ ಆ ಸಂದೇಶ. ಅದರ ಕೊನೆಯಲ್ಲೇ ಅಡ್ಡಿಯನ್ನು ದಾಟುವ ಉಪಾಯವನ್ನೂ ಹೇಳಿರುತ್ತದೆ: 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಆಯ್ಕೆ. ಸಿಸ್ಟಮ್‌ನ ಪ್ಯಾಕೇಜ್‌ಗಳು ಮುರಿದರೂ ಚಿಂತೆಯಿಲ್ಲ ಎಂದು ಒಪ್ಪಿ ಸಹಿ ಹಾಕಿದಂತೆ ಅದು. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಾದಾಗ ಬಹಳ ಜನ ಅದನ್ನೇ ಸೇರಿಸಿ ಮುಂದೆ ಹೋಗುತ್ತಾರೆ. ಹಾಗೆ ಹೋಗುವ ಮೊದಲು ಅಡ್ಡಿಯನ್ನು ಯಾಕೆ ಇಟ್ಟರು ಎಂದು ತಿಳಿಯುವುದು ಒಳ್ಳೆಯದು.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರ ವಕ್ಕಲೇರಿ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನ ಸಿಕ್ಕಿದ್ದು ಇಲ್ಲೇ. ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಈ ಊರಿನದೇ ಹೆಸರು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ 1905ರಲ್ಲಿ ಹೊರತಂದರು. ಈ ಊರಿನಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಯೊಬ್ಬಳು, ಆ ಸಂಪುಟದಲ್ಲಿ ಕನ್ನಡದಲ್ಲಿ ಅಚ್ಚಾದ ಪುಟಗಳ ಸ್ಕ್ಯಾನ್ ಚಿತ್ರಗಳನ್ನು ಹುಡುಕಲು ಬರುವಂಥ ಪಠ್ಯವಾಗಿ ಮಾಡಬೇಕೆಂದು ಹೊರಟಳು ಎನ್ನಿ. ಬೇಕಾದ ಸಾಧನಗಳೆಲ್ಲ ಪುಕ್ಕಟೆ ಸಿಗುತ್ತವೆ. ಚಿತ್ರ ನೋಡಿ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ತಂತ್ರಾಂಶ 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದಕ್ಕೆ ಕನ್ನಡ ಓದಲು ಕಲಿಸುವ ಕಡತವೂ ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪ್ಯಾಕೇಜಾಗಿ ಸಿಗುತ್ತದೆ. ಪುಟಗಳನ್ನು ಒಂದೊಂದಾಗಿ ಟೆಸರಾಕ್ಟ್‌ಗೆ ಉಣಿಸಲು ಪೈಟೆಸರಾಕ್ಟ್, ಓರೆಯಾದ ಚಿತ್ರವನ್ನು ನೆಟ್ಟಗೆ ಮಾಡಲು ಪಿಲ್ಲೋ. ಇವೆರಡೂ ಪೈಥಾನ್ ಮಾಡ್ಯೂಲ್‌ಗಳು. ನೂರಾರು ಪುಟಗಳ ಕೆಲಸ ರಾತ್ರಿಯಿಡೀ ಓಡಬೇಕು, ಅವಳ ಲ್ಯಾಪ್‌ಟಾಪ್‌ಗೆ ಭಾರ. ಹಾಗಾಗಿ ಕಾಲೇಜಿನ ಸರ್ವರ್‌ನಲ್ಲಿ ನಡೆಸಲು ಅನುಮತಿ ಪಡೆಯುತ್ತಾಳೆ.

ಸಣ್ಣ ಊರಿನ ಕಾಲೇಜಿನಲ್ಲಿ ಇಂಥ ಸರ್ವರ್ ಇರುವುದು ಸಾಮಾನ್ಯವಾಗಿ ಒಂದೇ. ಅದರಲ್ಲೇ ಗ್ರಂಥಾಲಯದ ಕೋಹಾ ಕೂಡ ನಡೆಯುತ್ತಿರಬಹುದು. 1999ರಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯಕ್ಕಾಗಿ ಬರೆಯತೊಡಗಿ, 2000ದ ಜನವರಿಯಲ್ಲಿ ಬಳಕೆಗೆ ಬಂದ ತಂತ್ರಾಂಶ ಕೋಹಾ. ಇಂದು ಕರ್ನಾಟಕದ ಎಷ್ಟೋ ಕಾಲೇಜುಗಳಲ್ಲಿ ಪುಸ್ತಕ ಕೊಡುವುದು, ಹಿಂದೆ ಪಡೆಯುವುದು, ಕ್ಯಾಟಲಾಗ್ ಹುಡುಕುವುದು ಎಲ್ಲ ಇದರಲ್ಲೇ. ಕೋಹಾ ಬರೆದಿರುವುದು ಪರ್ಲ್ ಭಾಷೆಯಲ್ಲಿ, ಅದು ನಿಂತಿರುವುದು ಪರ್ಲ್‌ನ ಹತ್ತಾರು ಮಾಡ್ಯೂಲ್‌ಗಳ ಮೇಲೆ. ವಿದ್ಯಾರ್ಥಿನಿಯ ಪ್ರಾಜೆಕ್ಟಿಗೂ ಗ್ರಂಥಾಲಯಕ್ಕೂ ಸಂಬಂಧವಿಲ್ಲ. ಆದರೆ ಎರಡೂ ಒಂದೇ ಯಂತ್ರದ ಮೇಲಿವೆ, ತೊಡಕು ಶುರುವಾಗುವುದು ಅಲ್ಲಿಂದ.

ಉಬುಂಟು ಸರ್ವರ್‌ನಲ್ಲಿ ಪೈಥಾನ್ ಇರುವುದು ನಾವು ಪ್ರೋಗ್ರಾಂ ಬರೆಯಲಿ ಎಂದಲ್ಲ. ಯಂತ್ರದ ಸ್ವಂತ ಕೆಲಸಗಳಿಗೆ ಅದು ಬೇಕು. ಭದ್ರತಾ ತಿದ್ದುಪಡಿಗಳನ್ನು ತಾನಾಗಿಯೇ ಇಳಿಸಿ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಪೈಥಾನಿನಲ್ಲಿದೆ. ಫೈರ್‌ವಾಲ್ ಹೊಂದಿಸುವ ಯುಎಫ್‌ಡಬ್ಲ್ಯು ಆಜ್ಞೆ, ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ಹೊರಗಿಡುವ ಫೇಲ್‌ಟುಬ್ಯಾನ್, ಹೊಸ ರೆಪಾಸಿಟರಿ ಸೇರಿಸುವ ಆಜ್ಞೆ, ಎಲ್ಲವೂ ಪೈಥಾನೇ. ಪರ್ಲ್ ಕೂಡ ಹಾಗೆಯೇ: ಪ್ಯಾಕೇಜ್ ಹಾಕುವಾಗ ಪರದೆಯ ಮೇಲೆ ಪ್ರಶ್ನೆ ಕೇಳುವ ಡೆಬ್‌ಕಾನ್ಫ್ ಪರ್ಲ್‌ನಲ್ಲಿದೆ. ರೆಡ್‌ಹ್ಯಾಟ್ ಬಳಗದಲ್ಲಂತೂ ಪ್ಯಾಕೇಜ್‌ಗಳನ್ನು ಹಾಕಿ ತೆಗೆಯುವ ಯಮ್ ಪೂರ್ತಿ ಪೈಥಾನ್ ಆಗಿತ್ತು. ಸೆಂಟ್‌ಓಎಸ್ 6ರ ಕಾಲದಲ್ಲಿ ಪೈಥಾನ್ 2.6 ಹಳೆಯದೆಂದು ಅದನ್ನು ಬದಲಿಸಿದವರು, ಅದನ್ನು ಸರಿಪಡಿಸಲು ಬೇಕಾದ ಯಮ್ ಸಹ ಏಳುವುದಿಲ್ಲ ಎಂದು ಆಮೇಲೆ ಕಂಡುಕೊಂಡರು. 2019ರಲ್ಲಿ ಬಂದ ರೆಡ್‌ಹ್ಯಾಟ್ 8ರಲ್ಲಿ, ವ್ಯವಸ್ಥೆಯ ಸ್ವಂತ ಬಳಕೆಗೆಂದೇ ಪ್ಲಾಟ್‌ಫಾರ್ಮ್ ಪೈಥಾನ್ ಎಂಬ ಪ್ರತ್ಯೇಕ ಪ್ರತಿಯನ್ನು ಬೇರೆ ಜಾಗದಲ್ಲಿ ಇಟ್ಟುಬಿಟ್ಟರು.

ಕೋಲಾರದವರಿಗೆ ಇದನ್ನು ಕೆರೆಯ ಭಾಷೆಯಲ್ಲಿ ಹೇಳಬಹುದು. ಕೆರೆಗೆ ತೂಬು ಇದೆ, ತೂಬಿಗೆ ನೀರುಗಂಟಿ ಇದ್ದಾನೆ. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ಸರದಿ, ಎಷ್ಟು ಹೊತ್ತು ಎಂಬ ಲೆಕ್ಕ ಇರುವುದು ಅವನೊಬ್ಬನಲ್ಲಿ. ಯಾರೋ ಒಬ್ಬರು ರಾತ್ರಿ ಹೋಗಿ ತೂಬು ಎತ್ತಿದರೆ ಅವರ ಗದ್ದೆಗೆ ನೀರು ಬರುತ್ತದೆ ನಿಜ. ಬೆಳಿಗ್ಗೆ ಕಾಲುವೆಯ ಕೊನೆಯ ಗದ್ದೆಯವರಿಗೆ ನೀರಿಲ್ಲ, ಯಾಕಿಲ್ಲ ಎಂದು ನೀರುಗಂಟಿಗೂ ಗೊತ್ತಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಈ ನೀರುಗಂಟಿಯ ಕೆಲಸ ಮಾಡುವುದು ಆಪ್ಟ್. ಯಾವ ಪ್ಯಾಕೇಜಿಗೆ ಯಾವುದರ ಯಾವ ಆವೃತ್ತಿ ಬೇಕು ಎಂಬ ಲೆಕ್ಕ ಅದರ ಬಳಿ ಇದೆ. ಯಂತ್ರದ ಪೂರ್ಣ ಅಧಿಕಾರದಲ್ಲಿ ಓಡುವ 'ಸುಡೋ ಪಿಪ್ ಇನ್‌ಸ್ಟಾಲ್' ಅದನ್ನು ಕೇಳದೆ ತೂಬು ಎತ್ತುತ್ತದೆ.

ಒಳಗೆ ನಡೆಯುವುದು ಇಷ್ಟು. ಆಪ್ಟ್ ತಂದ ಪೈಥಾನ್ ಮಾಡ್ಯೂಲ್‌ಗಳು /ಯುಎಸ್‌ಆರ್/ಲಿಬ್ ಕೆಳಗಿನ ಒಂದು ಫೋಲ್ಡರ್‌ನಲ್ಲಿರುತ್ತವೆ. ಸುಡೋ ಹಾಕಿ ಪಿಪ್ ತಂದವು ಹೋಗುವುದು /ಯುಎಸ್‌ಆರ್/ಲೋಕಲ್ ಕೆಳಗೆ. ಪಿಪ್ ಹಳೆಯದನ್ನು ಅಳಿಸುವುದಿಲ್ಲ, ಅದು ನನ್ನ ವ್ಯಾಪ್ತಿಗೆ ಹೊರಗೆ ಎಂದು ಬಿಟ್ಟುಬಿಡುತ್ತದೆ. ಈಗ ಒಂದೇ ಮಾಡ್ಯೂಲಿಗೆ ಎರಡು ಪ್ರತಿ. ಪೈಥಾನ್ ಮಾಡ್ಯೂಲ್ ಹುಡುಕುವಾಗ ಮೊದಲು ನೋಡುವುದು ಲೋಕಲ್ ಅನ್ನು. ಹೀಗಾಗಿ ವಿದ್ಯಾರ್ಥಿನಿ ತನಗೆಂದು ತಂದ ಹೊಸ ಪಿಲ್ಲೋ, ಯಂತ್ರದಲ್ಲಿರುವ ಪ್ರತಿಯೊಂದು ಪೈಥಾನ್ ಪ್ರೋಗ್ರಾಂಗೂ ಹೊಸ ಪಿಲ್ಲೋ ಆಗುತ್ತದೆ. ಆಪ್ಟ್‌ನ ದಾಖಲೆಯಲ್ಲಿ ಮಾತ್ರ ಹಳೆಯ ಆವೃತ್ತಿಯೇ ಇದೆ, ಅದರ ದೃಷ್ಟಿಯಲ್ಲಿ ಏನೂ ಬದಲಾಗಿಲ್ಲ. ಪರ್ಲ್‌ನಲ್ಲೂ ಹುಡುಕುವ ಕ್ರಮ ಹೀಗೆಯೇ: ಲೋಕಲ್ ಮೊದಲು, ಆಪ್ಟ್‌ನದು ಆಮೇಲೆ. 1995ರಿಂದ ನಡೆಯುತ್ತಿರುವ ಪರ್ಲ್ ಮಾಡ್ಯೂಲ್‌ಗಳ ಭಂಡಾರ ಸಿಪ್ಯಾನ್. ಅದರಿಂದ ಸುಡೋ ಹಾಕಿ ಒಂದು ಮಾಡ್ಯೂಲನ್ನು ಹೊಸದಾಗಿಸಿದರೆ, ಕೋಹಾ ಮಾರನೆಯ ದಿನ ಎದ್ದಾಗ ಓದುವುದು ಅದನ್ನೇ. ಅದು ಕೋಹಾಗೆ ಹೊಂದದಿದ್ದರೆ ಗ್ರಂಥಾಲಯದ ಕೌಂಟರಿನಲ್ಲಿ ಕೂತವರಿಗೆ ಪುಸ್ತಕ ಕೊಡುವ ಪರದೆ ತೆರೆಯುವುದಿಲ್ಲ. ಹಿಂದಿನ ದಿನ ಪ್ರಾಜೆಕ್ಟ್ ಲ್ಯಾಬಿನಲ್ಲಿ ಏನಾಯಿತು ಎಂದು ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಇದು ಊಹೆಯ ಭಯವಲ್ಲ. 2018ರ ಏಪ್ರಿಲ್‌ನಲ್ಲಿ ಪಿಪ್ 10 ಬಂತು. ಉಬುಂಟುವಿನ ಪಿಪ್ ಹಳೆಯದಾಯಿತೆಂದು ಪಿಪ್‌ನಿಂದಲೇ ಪಿಪ್ ಅನ್ನು ಹೊಸದಾಗಿಸಿದವರಿಗೆ ಆಮೇಲೆ ಪಿಪ್ ಆಜ್ಞೆಯೇ ನಡೆಯಲಿಲ್ಲ. ಉಬುಂಟು ಇಟ್ಟಿದ್ದ ಚಿಕ್ಕ ಚಾಲಕ ಕಡತ ಹಳೆಯ ಪಿಪ್‌ನ ಒಳಗಿನ ಒಂದು ಹೆಸರನ್ನು ಕರೆಯುತ್ತಿತ್ತು, ಹೊಸದರಲ್ಲಿ ಆ ಹೆಸರು ಜಾಗ ಬದಲಿಸಿತ್ತು. ಅದಕ್ಕಿಂತ ಕೆಟ್ಟದ್ದು ಉಬುಂಟು 20.04ರಲ್ಲಿ ಕಂಡಿತು. ಅಲ್ಲಿ ಆಪ್ಟ್ ಕೊಟ್ಟಿದ್ದ ಪೈಓಪನ್‌ಎಸ್‌ಎಸ್‌ಎಲ್ ಹಳೆಯದು. ಬೇರೆ ಯಾವುದೋ ಮಾಡ್ಯೂಲಿನ ಬೆನ್ನಿಗೆ ಪಿಪ್ ತಂದ ಕ್ರಿಪ್ಟೋಗ್ರಫಿ ಹೊಸದು. ಎರಡಕ್ಕೂ ಹೊಂದಾಣಿಕೆ ತಪ್ಪಿ, ಸುರಕ್ಷಿತ ಸಂಪರ್ಕಕ್ಕೆ ಅವನ್ನು ನೆಚ್ಚಿದ್ದ ಪ್ರೋಗ್ರಾಂಗಳು ಶುರುವಿನಲ್ಲೇ ಬಿದ್ದವು, ಪಿಪ್ ಸಹ. ಹೊಸದನ್ನು ತೆಗೆದುಹಾಕಲು ಪಿಪ್ ಬೇಕು, ಪಿಪ್ ಏಳುವುದಿಲ್ಲ. ಜಾವಾಸ್ಕ್ರಿಪ್ಟ್ ಲೋಕದ್ದೂ ಒಂದು ಪ್ರಸಂಗವಿದೆ. 2018ರ ಫೆಬ್ರುವರಿಯಲ್ಲಿ ಎನ್‌ಪಿಎಂ 5.7.0ರಲ್ಲಿದ್ದ ದೋಷದಿಂದ, ಸುಡೋ ಹಾಕಿ ಎನ್‌ಪಿಎಂ ನಡೆಸಿದ ಯಂತ್ರಗಳಲ್ಲಿ /ಇಟಿಸಿ, /ಯುಎಸ್‌ಆರ್ ಮುಂತಾದ ಮೂಲ ಫೋಲ್ಡರ್‌ಗಳ ಒಡೆತನವೇ ಬದಲಾಗಿ ಸರ್ವರ್‌ಗಳು ಕೆಲಸಕ್ಕೆ ಬಾರದಾದವು. ತಿದ್ದುಪಡಿ ಬೇಗನೆ ಬಂತು, ಆದರೆ ಕೆಟ್ಟ ಯಂತ್ರ ಅದರಿಂದ ಸರಿಹೋಗುವುದಿಲ್ಲ.

ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಇಂಥದ್ದು ನಡೆದರೆ ಕೆಟ್ಟ ಸರ್ವರನ್ನು ಎಸೆದು ಅದರ ಪ್ರತಿಯನ್ನು ಎಬ್ಬಿಸುತ್ತಾರೆ. ತಾಲ್ಲೂಕಿನ ಕಾಲೇಜಿನಲ್ಲಿ, ಹಾಲಿನ ಸಂಘದಲ್ಲಿ, ಸಹಕಾರ ಬ್ಯಾಂಕಿನಲ್ಲಿ ಇರುವುದೇ ಆ ಒಂದು ಯಂತ್ರ. ನೋಡಿಕೊಳ್ಳುವ ವ್ಯಕ್ತಿ ವಾರಕ್ಕೊಮ್ಮೆ ಬರುವವರು, ಇಲ್ಲವೇ ಫೋನಿನಲ್ಲೇ ಸಿಗುವವರು. ಅದಕ್ಕೇ ಈ ಶಿಸ್ತು ದೊಡ್ಡವರಿಗಿಂತ ಇವರಿಗೇ ಹೆಚ್ಚು ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. 'ಸುಡೋ ಪಿಪ್ ಇನ್‌ಸ್ಟಾಲ್' ಎಂದೇ ಶುರುವಾಗುವ ಪಾಠಗಳನ್ನು ಈಗಲೂ ಮಕ್ಕಳ ಕೈಗೆ ಕೊಡುವುದು ನೋಡಿದರೆ ನನಗೆ ಬೇಸರವಾಗುತ್ತದೆ. ಬೇರೆಯವರ ಕೆಲಸ ಕೆಡದಂತೆ ನಮ್ಮ ಕೆಲಸ ಮಾಡಿಕೊಳ್ಳುವುದನ್ನು ಮೊದಲ ಪಾಠದಲ್ಲೇ ಕಲಿಸಬೇಕು. ಅದಕ್ಕೆ ಹಿಡಿಯುವ ಹೊತ್ತು ಹೆಚ್ಚೆಂದರೆ ಅರ್ಧ ಗಂಟೆ.

ಸರಿಯಾದ ದಾರಿಯ ಮೊದಲ ಹೆಜ್ಜೆ ಆಪ್ಟ್‌ನಲ್ಲೇ ಹುಡುಕುವುದು. ಟೆಸರಾಕ್ಟ್ ಮತ್ತು ಅದರ ಕನ್ನಡ ಕಡತವನ್ನು ಅಲ್ಲಿಂದಲೇ ತರಬೇಕು, ಅವು ಇಡೀ ಯಂತ್ರಕ್ಕೆ ಸೇರಿದ ಪ್ರೋಗ್ರಾಂಗಳು. ಪಿಲ್ಲೋ ಕೂಡ 'ಪೈಥಾನ್3-ಪಿಐಎಲ್' ಎಂಬ ಹೆಸರಿನಲ್ಲಿ ಆಪ್ಟ್‌ನಲ್ಲಿ ಇದೆ. ಆಪ್ಟ್‌ನಿಂದ ಬಂದದ್ದಕ್ಕೆ ಒಂದು ದೊಡ್ಡ ಲಾಭ ಉಂಟು: ಅದರಲ್ಲಿ ಭದ್ರತಾ ದೋಷ ಕಂಡರೆ ಡೆಬಿಯನ್ನಿನವರು ಆವೃತ್ತಿಯನ್ನು ಬದಲಿಸದೆ ಆ ದೋಷವನ್ನಷ್ಟೇ ತಿದ್ದಿ ಕಳಿಸುತ್ತಾರೆ. ನೀವು ಏನನ್ನೂ ಮಾಡಬೇಕಿಲ್ಲ. ಆವೃತ್ತಿ ಸ್ವಲ್ಪ ಹಳೆಯದಾಗಿರುತ್ತದೆ, ಅದು ಇದರ ಬೆಲೆ. ಎಷ್ಟೋ ಕೆಲಸಕ್ಕೆ ಹಳೆಯದೇ ಸಾಕು.

ಸಾಲದಿದ್ದರೆ ಎರಡನೆಯ ದಾರಿ ವರ್ಚುಯಲ್ ಎನ್ವಿರಾನ್‌ಮೆಂಟ್. ಇಯಾನ್ ಬಿಕಿಂಗ್ 2007ರಲ್ಲಿ ಬರೆದ ವರ್ಚುಯಲ್‌ಎನ್ವ್ ಇದಕ್ಕೆ ಮೂಲ. 2012ರ ಪೈಥಾನ್ 3.3ರಿಂದ ವೆನ್ವ್ ಎಂಬ ಹೆಸರಿನಲ್ಲಿ ಭಾಷೆಯ ಜೊತೆಗೇ ಬರುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಮಾತ್ರ 'ಪೈಥಾನ್3-ವೆನ್ವ್' ಪ್ಯಾಕೇಜನ್ನು ಆಪ್ಟ್‌ನಿಂದ ಒಮ್ಮೆ ಹಾಕಿಸಬೇಕು. ಸುಡೋ ಬೇಕಾಗುವುದು ಅಷ್ಟಕ್ಕೇ. ನಮ್ಮ ವಿದ್ಯಾರ್ಥಿನಿಗೆ ಸರ್ವರ್‌ನಲ್ಲಿ ಪ್ರತ್ಯೇಕ ಖಾತೆಯೊಂದನ್ನು ತೆರೆದು, ಆ ಖಾತೆಗೆ ಸುಡೋ ಅಧಿಕಾರ ಕೊಡದೆ, /ಎಸ್‌ಆರ್‌ವಿ ಕೆಳಗೆ ಶಾಸನ ಎಂಬ ಫೋಲ್ಡರನ್ನು ಅವಳ ಹೆಸರಿಗೆ ಬರೆದುಕೊಟ್ಟರೆ ಆಯಿತು. ಅವಳು ಅದರೊಳಗೆ ವೆನ್ವ್ ಮಾಡುತ್ತಾಳೆ. ವೆನ್ವ್ ಎಂದರೆ ಬೇರೇನಲ್ಲ, ಯಂತ್ರದ ಪೈಥಾನಿಗೆ ಒಂದು ಕೊಂಡಿ, ತನ್ನದೇ ಪಿಪ್, ಮಾಡ್ಯೂಲ್‌ಗಳಿಗೆ ಖಾಲಿ ಜಾಗ. ಆ ಪಿಪ್‌ನಿಂದ ಹಾಕಿದ ಪೈಟೆಸರಾಕ್ಟ್, ಪಿಲ್ಲೋ ಎಲ್ಲ ಆ ಫೋಲ್ಡರ್ ಬಿಟ್ಟು ಆಚೆ ಹೋಗುವುದಿಲ್ಲ. ಫೈರ್‌ವಾಲ್ ಆಜ್ಞೆಗೂ ಕೋಹಾಗೂ ಅವು ಕಾಣುವುದಿಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಫೋಲ್ಡರನ್ನು ಅಳಿಸಿದರೆ ಎಲ್ಲವೂ ಹೋಗುತ್ತದೆ.

ಬಹಳ ಜನ ವೆನ್ವ್ ಬಳಸಲು ಹಿಂಜರಿಯುವುದು ಆಕ್ಟಿವೇಟ್ ಎಂಬ ಆಜ್ಞೆಯ ಕಾರಣಕ್ಕೆ. ಪ್ರತಿ ಸಲ ಅದನ್ನು ನಡೆಸದಿದ್ದರೆ ವೆನ್ವ್ ಕೆಲಸ ಮಾಡುವುದಿಲ್ಲ, ರಾತ್ರಿ ತಾನಾಗಿ ಓಡುವ ಕೆಲಸಕ್ಕೆ ಅದು ಒಗ್ಗುವುದಿಲ್ಲ ಎಂಬ ತಿಳಿವಳಿಕೆ ಹರಡಿದೆ. ಅದು ಸರಿಯಲ್ಲ. ಆಕ್ಟಿವೇಟ್ ಇರುವುದು ಕೈಯಲ್ಲಿ ಟೈಪ್ ಮಾಡುವವರ ಅನುಕೂಲಕ್ಕೆ ಮಾತ್ರ. ಕ್ರಾನ್ ಪಟ್ಟಿಯಲ್ಲಾಗಲಿ ಸಿಸ್ಟಮ್‌ಡಿಯ ಸರ್ವಿಸ್ ಕಡತದಲ್ಲಾಗಲಿ ಬರೀ ಪೈಥಾನ್3 ಎಂದು ಬರೆಯುವ ಬದಲು, ವೆನ್ವ್ ಒಳಗಿನ ಬಿನ್ ಫೋಲ್ಡರ್‌ನ ಪೈಥಾನಿಗೆ ಪೂರ್ತಿ ವಿಳಾಸ ಕೊಟ್ಟರೆ ಸಾಕು. ತನ್ನ ಮಾಡ್ಯೂಲ್‌ಗಳು ಎಲ್ಲಿವೆ ಎಂದು ಅದು ತಾನೇ ಕಂಡುಕೊಳ್ಳುತ್ತದೆ.

ಪ್ರಾಜೆಕ್ಟಿಗೆ ಬೇಕಾದ ಮಾಡ್ಯೂಲ್ ಅಲ್ಲದೆ, ಆಜ್ಞೆಯಾಗಿ ಬಳಸುವ ಪೈಥಾನ್ ಸಾಧನ ಬೇಕಿದ್ದರೆ ಪಿಪ್‌ಎಕ್ಸ್ ಇದೆ. ಪ್ರತಿ ಸಾಧನಕ್ಕೂ ಒಂದೊಂದು ವೆನ್ವ್ ಅನ್ನು ತೆರೆಮರೆಯಲ್ಲಿ ಅದೇ ಮಾಡಿಕೊಡುತ್ತದೆ. 2024ರಲ್ಲಿ ಬಂದ ಯುವಿ ಇದೇ ಕೆಲಸವನ್ನು ಬಹಳ ವೇಗವಾಗಿ ಮಾಡುತ್ತದೆ. ಡಾಕರ್ ಕಂಟೇನರ್ ಕೂಡ ಒಳ್ಳೆಯ ದಾರಿಯೇ, ಅದನ್ನು ನಡೆಸಿ ನೋಡಿಕೊಳ್ಳಲು ಬಲ್ಲವರು ಇದ್ದರೆ. ನೋಡ್ ಬಳಸುವವರಿಗೆ ಮಾಡ್ಯೂಲ್‌ಗಳು ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಕೂರುವುದು ಮೊದಲಿನಿಂದ ಬಂದ ರೂಢಿ. ಸುಡೋ ಹಾಕಿ ಗ್ಲೋಬಲ್ ಇನ್‌ಸ್ಟಾಲ್ ಮಾಡದಿದ್ದರಾಯಿತು.

ಇನ್ನು ಪೈಥಾನೇ ಹೊಸದು ಬೇಕು ಎನ್ನುವವರು. ಉಬುಂಟು 22.04ರಲ್ಲಿರುವುದು ಪೈಥಾನ್ 3.10, ನಿಮಗೆ ಬೇಕಿರುವುದು ಇನ್ನೂ ಮುಂದಿನದು ಎನ್ನೋಣ. ಹೊಸದನ್ನು ತಂದು /ಯುಎಸ್‌ಆರ್/ಬಿನ್‌ನಲ್ಲಿರುವ ಪೈಥಾನ್3 ಎಂಬ ಹೆಸರನ್ನು ಅದರತ್ತ ತಿರುಗಿಸುವವರಿದ್ದಾರೆ. ತಿರುಗಿಸಿದ ಕೂಡಲೇ 'ಆಪ್ಟ್_ಪಿಕೆಜಿ' ಸಿಗಲಿಲ್ಲ ಎಂಬ ದೂರುಗಳು ಶುರುವಾಗುತ್ತವೆ, ಯಾಕೆಂದರೆ ಆ ಮಾಡ್ಯೂಲನ್ನು ಕಟ್ಟಿರುವುದು ಯಂತ್ರದ ಸ್ವಂತ ಪೈಥಾನಿಗೆ ಮಾತ್ರ. ಮೂಲದಿಂದ ಕಟ್ಟಿಕೊಳ್ಳುವುದಾದರೆ /ಓಪಿಟಿ ಕೆಳಗೆ ಕಟ್ಟಿ, ಕೊನೆಯ ಹೆಜ್ಜೆಯಲ್ಲಿ 'ಮೇಕ್ ಇನ್‌ಸ್ಟಾಲ್' ಬದಲು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಎಂದು ಕೊಡಿ. ಅದು ಆವೃತ್ತಿಯ ಸಂಖ್ಯೆ ಇರುವ ಹೆಸರನ್ನಷ್ಟೇ ಸೃಷ್ಟಿಸುತ್ತದೆ, ಪೈಥಾನ್3 ಎಂಬ ಹೆಸರನ್ನು ಮುಟ್ಟುವುದಿಲ್ಲ.

ಕೋಹಾ ವಿಷಯದಲ್ಲಿ ಕೋಹಾ ಸಮುದಾಯದವರೇ ದಾರಿ ತೋರಿಸಿದ್ದಾರೆ. ಅವರು ತಮ್ಮದೇ ಡೆಬಿಯನ್ ರೆಪಾಸಿಟರಿ ನಡೆಸುತ್ತಾರೆ. ಡೆಬಿಯನ್‌ನಲ್ಲಿ ಸಿಗದ ಪರ್ಲ್ ಮಾಡ್ಯೂಲ್‌ಗಳನ್ನೂ ಪ್ಯಾಕೇಜ್ ಮಾಡಿ ಅದರಲ್ಲೇ ಇಡುತ್ತಾರೆ. 'ಕೋಹಾ-ಕಾಮನ್' ಹಾಕಿದರೆ ಬೇಕಾದದ್ದೆಲ್ಲ ಆಪ್ಟ್ ಮೂಲಕವೇ ಬರುತ್ತದೆ, ಸಿಪ್ಯಾನ್ ಕಡೆ ಹೋಗುವ ಅಗತ್ಯವೇ ಬೀಳದು. ಅದೇ ಯಂತ್ರದಲ್ಲಿ ಬೇರೆ ಪರ್ಲ್ ಕೆಲಸಕ್ಕೆ ಸಿಪ್ಯಾನ್ ಮಾಡ್ಯೂಲ್ ಬೇಕಾದರೆ ಲೋಕಲ್::ಲಿಬ್ ಬಳಸಿ, ಅಥವಾ ಸಿಪ್ಯಾನ್‌ಎಂಗೆ ಫೋಲ್ಡರ್ ಹೆಸರು ಕೊಟ್ಟು ಅಲ್ಲಿಗೇ ಇಳಿಸಿ. ಆ ಫೋಲ್ಡರ್‌ನ ವಿಳಾಸವನ್ನು ಪರ್ಲ್5ಲಿಬ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳಬೇಕಾಗುತ್ತದೆ. ಅದನ್ನು ಆ ಒಂದು ಪ್ರೋಗ್ರಾಂ ಶುರುವಾಗುವ ಕಡತದಲ್ಲಿ ಮಾತ್ರ ಬರೆಯಿರಿ. ಇಡೀ ಯಂತ್ರಕ್ಕೆ ಅನ್ವಯವಾಗುವ /ಇಟಿಸಿ ಕಡತದಲ್ಲಿ ಬರೆದರೆ, ಯಾವುದನ್ನು ಬೇರೆ ಇಡಲು ಹೊರಟಿರೋ ಅದನ್ನೇ ಮತ್ತೆ ಎಲ್ಲರಿಗೂ ಹಂಚಿದಂತಾಗುತ್ತದೆ.

ಸುಡೋ ಬೇಡ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ, ಇದು ಮೇಲಿನವುಗಳಿಗಿಂತ ಗಂಭೀರ. ಮಾಡ್ಯೂಲ್ ಮೂಲರೂಪದಲ್ಲಿ ಇಳಿದಾಗ ಅದರ ಜೊತೆ ಬಂದ ಕೋಡ್ ಇನ್‌ಸ್ಟಾಲ್ ಹಂತದಲ್ಲೇ ಓಡುತ್ತದೆ. ಸುಡೋ ಹಾಕಿದ್ದರೆ ಆ ಅಪರಿಚಿತ ಕೋಡ್ ಓಡುವುದು ರೂಟ್ ಅಧಿಕಾರದಲ್ಲಿ. ಪೈಥಾನ್ ಭಂಡಾರಕ್ಕೆ ಯಾರು ಬೇಕಾದರೂ ಮಾಡ್ಯೂಲ್ ಸೇರಿಸಬಹುದು. 2022ರ ಮೇ ತಿಂಗಳಲ್ಲಿ ಸಿಟಿಎಕ್ಸ್ ಎಂಬ ಹಳೆಯ ಮಾಡ್ಯೂಲಿನ ಲೇಖಕರ ಇಮೇಲ್ ಡೊಮೈನ್ ಅವಧಿ ಮುಗಿದಿತ್ತು. ಅದನ್ನು ಬೇರೊಬ್ಬರು ಕೊಂಡು, ಖಾತೆಯನ್ನು ವಶಪಡಿಸಿಕೊಂಡು, ಯಂತ್ರದ ಗುಟ್ಟಿನ ಕೀಲಿಗಳನ್ನು ಹೊರಗೆ ಕಳಿಸುವ ಹೊಸ ಆವೃತ್ತಿಯನ್ನು ಏರಿಸಿದರು. ಸುಡೋ ಇಲ್ಲದ ಖಾತೆಯಲ್ಲಿ ಹೀಗಾದರೆ ಹೋಗುವುದು ಆ ಖಾತೆಯ ಕೈಗೆ ಎಟುಕುವಷ್ಟು ಮಾತ್ರ. ರೂಟ್ ಆಗಿದ್ದರೆ ಗ್ರಂಥಾಲಯದ ಸದಸ್ಯರ ವಿವರಗಳೂ ಅದರ ಕೈಗೆ ಸಿಗುತ್ತವೆ.

ಮೊದಲು ಹೇಳಿದ ಆ ಅಡ್ಡಿ ಬಂದದ್ದು ಇದೆಲ್ಲವನ್ನೂ ಕಂಡವರಿಂದ. ಡೆಬಿಯನ್ ಕಡೆಯವರೂ ಪಿಪ್ ಕಡೆಯವರೂ ಕೂಡಿ ಬರೆದ ಪಿಇಪಿ 668 ಎಂಬ ಒಪ್ಪಂದ 2022ರಲ್ಲಿ ಅಂಗೀಕಾರವಾಯಿತು. ಯಂತ್ರದ ಪೈಥಾನ್ ಫೋಲ್ಡರ್‌ನಲ್ಲಿ ಡೆಬಿಯನ್ ಒಂದು ಗುರುತಿನ ಕಡತ ಇಡುತ್ತದೆ, ಅದನ್ನು ಕಂಡರೆ ಪಿಪ್ ಹಿಂದೆ ಸರಿಯುತ್ತದೆ. ಉಬುಂಟುವಿನಲ್ಲಿ ಇದು ಬಂದದ್ದು 23.04ರಿಂದ. ಅದಕ್ಕೂ ಹಿಂದಿನ 20.04, 22.04 ಇನ್ನೂ ಎಷ್ಟೋ ಕಾಲೇಜುಗಳಲ್ಲಿ ನಡೆಯುತ್ತಿವೆ. ಅವುಗಳಲ್ಲಿ ತಡೆಯುವವರಿಲ್ಲ, ನಾವೇ ನೆನಪಿಟ್ಟು ನಡೆಯಬೇಕು. ಈಗಾಗಲೇ ಕಲಬೆರಕೆಯಾಗಿದೆಯೇ ಎಂದು ತಿಳಿಯಲು /ಯುಎಸ್‌ಆರ್/ಲೋಕಲ್/ಲಿಬ್ ಕೆಳಗಿನ ಪೈಥಾನ್ ಫೋಲ್ಡರ್ ತೆರೆದು ನೋಡಿ. ಅಲ್ಲಿ ಮಾಡ್ಯೂಲ್‌ಗಳು ಇದ್ದರೆ ಯಾರೋ ಸುಡೋ ಹಾಕಿ ತಂದಿದ್ದಾರೆ ಎಂದರ್ಥ. ಯಾವ ಪ್ರೋಗ್ರಾಂ ಅವನ್ನು ಬಳಸುತ್ತಿದೆ ಎಂದು ವಿಚಾರಿಸಿ, ಅದಕ್ಕೊಂದು ವೆನ್ವ್ ಕಟ್ಟಿಕೊಟ್ಟು, ಆಮೇಲೆ ಒಂದೊಂದಾಗಿ ತೆಗೆಯಬೇಕು. ಒಮ್ಮೆಗೇ ಅಳಿಸಬಾರದು.

ವೆನ್ವ್ ಮಾಡಿದವರು ತಿಳಿದಿರಬೇಕಾದ ಸಂಗತಿ ಇನ್ನೊಂದು ಉಳಿದಿದೆ. ವೆನ್ವ್ ಒಳಗಿನ ಪೈಥಾನ್ ಯಂತ್ರದ ಪೈಥಾನಿಗೆ ಕೊಂಡಿ ಎಂದೆನಲ್ಲ, ಯಂತ್ರವನ್ನು ಉಬುಂಟು 22.04ರಿಂದ 24.04ಕ್ಕೆ ಏರಿಸಿದ ದಿನ ಆ ಕೊಂಡಿಯ ಆಚೆ ಇರುವುದು 3.10 ಅಲ್ಲ, 3.12. ಮಾಡ್ಯೂಲ್‌ಗಳು ಕೂತಿರುವುದು 3.10 ಎಂದು ಬರೆದ ಫೋಲ್ಡರ್‌ನಲ್ಲಿ, ಹೊಸ ಪೈಥಾನ್ ಆ ಕಡೆ ನೋಡುವುದಿಲ್ಲ. ಇದು ಕೆಟ್ಟುಹೋದದ್ದಲ್ಲ, ವೆನ್ವ್ ಅನ್ನು ಅಳಿಸಿ ಮತ್ತೆ ಕಟ್ಟಬೇಕು ಅಷ್ಟೇ. ಹಾಗೆ ಕಟ್ಟಲು, ಯಾವ ಮಾಡ್ಯೂಲ್ ಯಾವ ಆವೃತ್ತಿ ಎಂದು ಪಿಪ್ ಫ್ರೀಜ್ ಬರೆದುಕೊಡುವ ರಿಕ್ವೈರ್‌ಮೆಂಟ್ಸ್ ಕಡತವನ್ನು ವೆನ್ವ್‌ನ ಹೊರಗೆ, ಪ್ರೋಗ್ರಾಂನ ಪಕ್ಕದಲ್ಲೇ ಇಟ್ಟಿರಬೇಕು. ಆ ಕಡತ ಇದ್ದರೆ ಐದು ನಿಮಿಷದ ಕೆಲಸ. ವಿದ್ಯಾರ್ಥಿನಿ ಆ ಹೊತ್ತಿಗೆ ಕಾಲೇಜು ಮುಗಿಸಿ ಹೋಗಿದ್ದರೂ ಲ್ಯಾಬಿನವರೇ ಮಾಡಿಕೊಳ್ಳಬಹುದು, 10ನೇ ಸಂಪುಟದ ಉಳಿದ ಪುಟಗಳ ಓದನ್ನು ಮುಂದುವರಿಸಬಹುದು.